ಮೂರು ಬೆರಳಿನ ಹೆಜ್ಜೆ ಗುರುತಿನ ಉದ್ದ ನೋಡಿ ಅದು ಯಾವ ಡೈನೋಸಾರ್‌ನದು ಎಂದು ಹೇಳಬಹುದಾ?

ಅಮೆರಿಕದ ಮ್ಯಾಸಚೂಸೆಟ್ಸ್‌ನ ಹೋಲಿಯೋಕ್‌ನಲ್ಲಿ ಕನೆಕ್ಟಿಕಟ್ ನದಿ ಪಕ್ಕದ ಬಂಡೆ ಮೇಲೆ 28 ಸೆಂ.ಮೀ. ಉದ್ದದ ಗುರುತು ಅಳೆದಿದ್ದೀರಿ. 25ಕ್ಕಿಂತ ಜಾಸ್ತಿ ಇದೆ, ಹಾಗಾದರೆ ಯೂಬ್ರಾಂಟಿಸ್ ಎಂಬ ಬಗೆಯ ಗುರುತು, ಅಂದರೆ ಡೈಲೋಫೋಸಾರಸ್ ಎಂಬ ಮಾಂಸಾಹಾರಿ ಡೈನೋಸಾರ್‌ನದು, ಸರಿನಾ ಎಂದು ಕೇಳಿದ್ದೀರಿ. ಸರಿಯಲ್ಲ. ಇದೇ ಕಣಿವೆಯಲ್ಲಿ ಇದೇ ಲೆಕ್ಕ ಹಾಕಿ ನಾನು ಎಂ.ಎಸ್. ಪ್ರಬಂಧದ ಒಂದಿಡೀ ಅಧ್ಯಾಯ ಕಳೆದುಕೊಂಡೆ.

ನಾನು ನೋಡಿದ ಬಂಡೆಯಲ್ಲಿ ಎರಡು ಅಳತೆಯ ಗುರುತುಗಳಿದ್ದವು. ಕೆಲವು 22 ಸೆಂ.ಮೀ. ಆಸುಪಾಸು, ಕೆಲವು 31. ಇಂಥ ಗುರುತುಗಳಿಗೆ ಉದ್ದ ನೋಡಿ ಹೆಸರಿಡುವ ರೂಢಿಯ ಪ್ರಕಾರ 15ರೊಳಗಿದ್ದರೆ ಗ್ರಲೇಟರ್, 15ರಿಂದ 25 ಆಂಕಿಸಾರಿಪಸ್, ಅದಕ್ಕಿಂತ ದೊಡ್ಡದು ಯೂಬ್ರಾಂಟಿಸ್. ಎರಡು ಬೇರೆ ಬೇರೆ ಪ್ರಾಣಿ ಎಂದು ಬರೆದುಬಿಟ್ಟೆ. ಪಾದದ ಉದ್ದದ ಸುಮಾರು ನಾಲ್ಕು ಪಟ್ಟು ಸೊಂಟದ ಎತ್ತರ ಎಂದು ಪ್ರಾಣಿಗಳ ನಡಿಗೆಯ ಸಂಶೋಧಕ ಅಲೆಕ್ಸಾಂಡರ್ 1976ರಲ್ಲಿ ಹೇಳಿದ ಲೆಕ್ಕವಿದೆ. ಅದನ್ನೂ ಹಾಕಿದೆ. ಒಂದರ ಸೊಂಟ 88 ಸೆಂ.ಮೀ., ಇನ್ನೊಂದರದ್ದು 124. ಅದರ ಮೇಲೆ ನಡಿಗೆಯ ವೇಗ. ದೊಡ್ಡದು ಚಿಕ್ಕದರ ಬೆನ್ನು ಹತ್ತಿತ್ತು ಎನ್ನುವವರೆಗೂ ಹೋದೆ.

ನನ್ನ ಗೈಡ್ ಫೋಟೋಗಳನ್ನು ನೋಡಿ ಒಂದೇ ಪ್ರಶ್ನೆ ಕೇಳಿದರು. "ಇದರಲ್ಲಿ ಎಡಗಾಲು ಯಾವುದು, ಬಲಗಾಲು ಯಾವುದು?" ನಾನು ಅದನ್ನು ಗುರುತೇ ಮಾಡಿರಲಿಲ್ಲ.

ಗುರುತಿಸೋದು ಕಷ್ಟವೇನಲ್ಲ. ಮಾಂಸಾಹಾರಿ ಡೈನೋಸಾರ್‌ನ ಒಳ್ಳೆಯ ಗುರುತಿನಲ್ಲಿ ಬೆರಳಡಿಯ ಮೆತ್ತೆಗಳು ಗುಂಡಗೆ ಒತ್ತಿರುತ್ತವೆ. ಒಳಬೆರಳಿಗೆ ಎರಡು, ನಡುಬೆರಳಿಗೆ ಮೂರು, ಹೊರಬೆರಳಿಗೆ ನಾಲ್ಕು. ಹೊರಬೆರಳಿನ ಕೊನೆಯ ಮೆತ್ತೆ ಹಿಂದಕ್ಕೆ ಚಾಚಿ ಹಿಮ್ಮಡಿಯ ಹಾಗೆ ಕಾಣುತ್ತದೆ. ಅದರಿಂದಾಗಿ ಒಳಬೆರಳಿನ ಹಿಂದೆ ಒಂದು ಕಚ್ಚು ಉಳಿಯುತ್ತದೆ. ಉಗುರುಗಳು ನಿಮ್ಮಿಂದ ಆಚೆಗೆ ಚಾಚಿರುವಂತೆ ಗುರುತಿನ ಹಿಂದೆ ನಿಂತು ನೋಡಿದಾಗ ಕಚ್ಚು ಎಡಕ್ಕಿದ್ದರೆ ಅದು ಬಲಗಾಲು.

ಬಂಡೆಗೆ ವಾಪಸ್ ಹೋಗಿ ಒಂದೊಂದು ಹೆಜ್ಜೆಯೂ ಎಡವೋ ಬಲವೋ ಎಂದು ಬರೆದುಕೊಂಡು ಬಂದೆ. ಚಿಕ್ಕವು ಬಲ, ಎಡ, ಬಲ, ಎಡ. ಆಮೇಲೆ ಶುರುವಾದ ದೊಡ್ಡವು ಅದೇ ಸಾಲಿನಲ್ಲಿ ಮತ್ತೆ ಬಲ, ಎಡ, ಬಲ. ನಡುವಿನ ಅಂತರವೂ ಸಮ. ಒಂದೇ ಪ್ರಾಣಿ. ಗಟ್ಟಿ ನೆಲದಿಂದ ಕೆಸರಿಗೆ ಇಳಿದಿತ್ತು, ಅಷ್ಟೇ.

ತಪ್ಪಾಗಿದ್ದು ಟೇಪ್ ಇಟ್ಟ ಜಾಗದಲ್ಲಿ. ನಾಟಿ ಗದ್ದೆಯಲ್ಲಿ ನಡೆದವರಿಗೆ ಗೊತ್ತು, ಕಾಲು ಹೂತಷ್ಟೂ ಗುಂಡಿ ಪಾದಕ್ಕಿಂತ ಉದ್ದ ಆಗುತ್ತದೆ. ಇಲ್ಲೂ ಬೆರಳುಗಳ ಹಿಂದಿನ ಉದ್ದ ಮೂಳೆಯ ಭಾಗ ಕೆಸರಿಗೆ ತಾಗಿ ಸುಮಾರು 9 ಸೆಂ.ಮೀ. ಕಾಲುವೆ ಮೂಡಿತ್ತು. ನಾನು ಅದರ ತುದಿಯಿಂದ ಅಳೆದಿದ್ದೆ. ಅಳೆಯಬೇಕಾದದ್ದು ಹೊರಬೆರಳಿನ ಕೊನೆಯ ಮೆತ್ತೆಯ ಹಿಂದಂಚಿನಿಂದ ನಡುಬೆರಳಿನ ಉಗುರಿನ ತುದಿಗೆ. ಕಾಲುವೆಯಲ್ಲಿ ಮೆತ್ತೆ ಇರುವುದಿಲ್ಲ, ಮೆತ್ತೆಗಳ ನಡುವಿನ ಮಡಿಕೆಯೂ ಇರುವುದಿಲ್ಲ. ನೆತ್ತಿ ಮೇಲಿನ ಬಿಸಿಲಲ್ಲಿ ಫೋಟೋ ತೆಗೆದಿದ್ದೆ, ನೆರಳಿಲ್ಲದೆ ಮೆತ್ತೆ, ಕಾಲುವೆ ಎರಡೂ ಒಂದೇ ತರ ಕಂಡಿದ್ದವು. ಸಂಶೋಧಕ ಸ್ಟೀಫನ್ ಗೇಟ್ಸಿ ಮತ್ತು ಸಂಗಡಿಗರು ಗ್ರೀನ್‌ಲ್ಯಾಂಡ್‌ನ ಇನ್ನೂ ಹಳೆಯ ಗುರುತುಗಳ ಬಗ್ಗೆ 1999ರಲ್ಲಿ ಬರೆದಾಗ ಗಿನಿಕೋಳಿಗಳನ್ನು ಕೆಸರಲ್ಲಿ ನಡೆಸಿ, ಕಾಲು ಹೂತಾಗ ಗುರುತು ಹೀಗೆ ಬದಲಾಗುವುದನ್ನೇ ತೋರಿಸಿದ್ದರು. ಅದನ್ನು ಓದಿಯೂ ನಾನು ಟೇಪ್ ಅಲ್ಲೇ ಇಟ್ಟೆ!

ಇನ್ನು ಡೈಲೋಫೋಸಾರಸ್. ಅದರ ಮೂಳೆಗಳು ಸಿಕ್ಕಿದ್ದು ದೂರದ ಅರಿಜೋನಾದಲ್ಲಿ, ಈ ಕಣಿವೆಯಲ್ಲಲ್ಲ. ಯೂಬ್ರಾಂಟಿಸ್ ಎನ್ನುವುದು ಗುರುತಿನ ಹೆಸರು, ಪ್ರಾಣಿಯದ್ದಲ್ಲ. ಆ ಹೆಸರು ಕೊಟ್ಟ ಭೂವಿಜ್ಞಾನಿ ಎಡ್ವರ್ಡ್ ಹಿಚ್ಕಾಕ್ 1836ರಲ್ಲಿ ಈ ಕಣಿವೆಯ ಗುರುತುಗಳನ್ನು ಮೊದಲು ವಿವರಿಸಿದಾಗ ದೊಡ್ಡ ಹಕ್ಕಿಗಳದ್ದು ಅಂದುಕೊಂಡಿದ್ದರು. ಹಕ್ಕಿ ಹೋಗಿ ಡೈನೋಸಾರ್ ಬಂದರೂ ಹೆಸರು ಉಳಿದಿದ್ದು ಅದು ಗುರುತಿನದ್ದು ಆಗಿದ್ದಕ್ಕೇ. ಜೈಸಲ್ಮೇರ್ ಹತ್ತಿರದ ಥಾಯತ್‌ನಲ್ಲಿ ಸಿಕ್ಕ ಗುರುತುಗಳಿಗೂ ಯೂಬ್ರಾಂಟಿಸ್, ಗ್ರಲೇಟರ್ ಎಂದೇ ಕರೆದಿದ್ದಾರೆ. ಎರಡೂ ಕಡೆ ನಡೆದದ್ದು ಒಂದೇ ಪ್ರಾಣಿ ಎಂದು ಅದರ ಅರ್ಥ ಅಲ್ವಲ್ಲ!

25 ಸೆಂ.ಮೀ. ಗೆರೆಯನ್ನೂ ನಾನು ನಂಬುವುದಿಲ್ಲ. ಪಳೆಯುಳಿಕೆ ತಜ್ಞ ಪಾಲ್ ಓಲ್ಸೆನ್ 1980ರಲ್ಲೇ ಹೇಳಿದಂತೆ ಗ್ರಲೇಟರ್‌ನಿಂದ ಯೂಬ್ರಾಂಟಿಸ್‌ವರೆಗೆ ಆಕಾರ ಸ್ವಲ್ಪ ಸ್ವಲ್ಪವೇ ಬದಲಾಗುತ್ತದೆ. ಪಾದ ದೊಡ್ಡದಾದಷ್ಟೂ ನಡುಬೆರಳು ಮುಂದಕ್ಕೆ ಚಾಚುವ ಪ್ರಮಾಣ ಕಡಿಮೆ. ಹಾಗಾಗಿ ಉದ್ದದ ಜೊತೆ ಅಗಲ ಬೇಕು, ನಡುಬೆರಳು ಉಳಿದೆರಡನ್ನು ದಾಟಿ ಎಷ್ಟು ಮುಂದೆ ಹೋಗಿದೆ ಎಂಬುದೂ ಬೇಕು. ಬೆರಳು ಮೊಂಡಾಗಿ, ಅಗಲ ಉದ್ದದಷ್ಟೇ ಇದ್ದರೆ ಮಾಂಸಾಹಾರಿ ಎನ್ನುವುದರಲ್ಲೇ ಅನುಮಾನ ಪಡಿ.

ಹೋಲಿಯೋಕ್‌ನ ಆ ಬಂಡೆಯಲ್ಲಿ ಹೆಜ್ಜೆ ಸಾಲುಗಳೇ ಬೇಕಾದಷ್ಟಿವೆ. ಡೈನೋಸಾರ್ ತಜ್ಞ ಜಾನ್ ಆಸ್ಟ್ರೋಮ್ 1972ರಲ್ಲಿ ಅವನ್ನು ನೋಡಿಯೇ ಈ ಪ್ರಾಣಿಗಳು ಗುಂಪಾಗಿ ಹೋಗುತ್ತಿದ್ದವಾ ಎಂದು ಕೇಳಿದ್ದು. ಸಂಜೆ ಓರೆ ಬಿಸಿಲಲ್ಲಿ ಇನ್ನೊಮ್ಮೆ ಹೋಗಿ. ಪ್ಲಾಸ್ಟರ್ ಸುರಿಯಬೇಡಿ, ಬಂಡೆ ಹಾಳಾಗುತ್ತದೆ. ಅಳತೆ ಪಟ್ಟಿ ಇಟ್ಟು ಸುತ್ತಲಿಂದ ಫೋಟೋ ತೆಗೆಯಿರಿ. ನಿಮ್ಮ ಗುರುತಿನ ಹಿಂದಿನ ಮತ್ತು ಮುಂದಿನ ಹೆಜ್ಜೆ ಸಿಕ್ಕರೆ ಅವನ್ನೂ ಸೇರಿಸಿ. ಇಲ್ಲೇ ಹಾಕಿ, ಮೆತ್ತೆಗಳನ್ನು ಒಟ್ಟಿಗೆ ಎಣಿಸೋಣ.