ಕುಂಬಾರಜ್ಜನ ಮಣ್ಣಿಗೆ ಪೇಟೆ ಮಡಕೆ

ಅರಸೀಕೆರೆ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಹೀಗೆ ಬರೆದಿದ್ದಾರೆ:

"ಸಂಪಾದಕರಿಗೆ ನಮಸ್ಕಾರ. ಎಂಟು ವರ್ಷದಿಂದ ನಿಮ್ಮ ಪತ್ರಿಕೆ ತರಿಸುತ್ತಿದ್ದೇನೆ. ಈಚೆಗೆ ತೀರಿಕೊಂಡ ಹಳ್ಳಿಯವರ ಬಗ್ಗೆ ತಿಂಗಳು ತಿಂಗಳೂ ನಾಲ್ಕು ಪುಟ ಹಾಕುತ್ತೀರಿ. ಅವರೆಲ್ಲ ಏನು ಸಾಧನೆ ಮಾಡಿದವರು? ದನ ಕಾದವರು, ನಾಟಿ ಹಾಕಿದವರು. ಆ ಜಾಗದಲ್ಲಿ ಕೊಬ್ಬರಿ ಧಾರಣೆ, ತೆಂಗಿನ ಬಿಳಿನೊಣಕ್ಕೆ ಔಷಧಿ, ಸರ್ಕಾರದ ಯೋಜನೆ ಹಾಕಿದರೆ ರೈತರಿಗೆ ಉಪಯೋಗ. ಅಲ್ಲದೆ ಸತ್ತವರ ಬಗ್ಗೆ ಎಲ್ಲರೂ ಒಳ್ಳೆಯದನ್ನೇ ಬರೆಯುತ್ತಾರೆ. ಅದರಲ್ಲಿ ನಿಜ ಎಷ್ಟು? ನಮ್ಮೂರ ಕುಂಬಾರಜ್ಜ ಹೋದ ತಿಂಗಳು ತೀರಿಕೊಂಡ. ಅವನ ಮಣ್ಣಿಗೆ ಮಡಕೆಯನ್ನು ಪೇಟೆಯಿಂದ ತರಬೇಕಾಯಿತು. ಅವನ ಮಕ್ಕಳಿಗೇ ಆ ಕಸುಬು ಬೇಡ. ಇನ್ನು ಓದುಗರಿಗೆ ಯಾಕೆ?"

ಮೇಷ್ಟ್ರೇ,

ಕೊಬ್ಬರಿ ಧಾರಣೆಯ ಮಾತು ಸರಿ. ಬಿಳಿನೊಣದ ಬಗ್ಗೆ ಬರೆಯಬೇಕು ಅನ್ನುವುದೂ ಸರಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಎರಡು ಪುಟ ಕೊಡುತ್ತೇವೆ. ಆದರೆ ಆ ನಾಲ್ಕು ಪುಟ ಮಾತ್ರ ಮುಟ್ಟುವುದಿಲ್ಲ. ಯಾಕೆ ಅಂತ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಕೂತು ಓದಿ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಧಾರಣೆಯ ಸಾಲು ಆಗಲೇ ಮರೆತುಹೋಯಿತು. ಕುಂಬಾರಜ್ಜನ ಸಾಲು ರಾತ್ರಿ ಮಲಗಿದರೂ ತಲೆ ಬಿಡಲಿಲ್ಲ. ಊರಿನ ಮದುವೆಗಳಿಗೆಲ್ಲ ಐರಣೆ ಮಡಕೆ ಮಾಡಿಕೊಟ್ಟವರು. ಊರಿನ ಹೆಣಗಳ ಮುಂದೆ ಹಿಡಿಯುವ ಬೆಂಕಿ ಮಡಕೆಯನ್ನೂ ಅವರೇ ಮಾಡಿಕೊಟ್ಟವರು. ತಾವು ಹೋಗುವಾಗ ಪೇಟೆಯಿಂದ ತಂದ ಮಡಕೆಯ ಹಿಂದೆ ಹೋದರು. ಇದನ್ನು ಬರೆದವರು ನೀವು! ನನ್ನ ಪುಟಗಳು ಬೇಡ ಅನ್ನುವುದಕ್ಕೆ ಸಾಕ್ಷಿ ಅಂತ ಬರೆದಿರಿ. ಈ ತಿಂಗಳು ನಮಗೆ ಬಂದ ಪತ್ರಗಳಲ್ಲೆಲ್ಲ ಇದಕ್ಕಿಂತ ಒಳ್ಳೆಯ ಸಾಲು ಇಲ್ಲ.

ಒಂದು ಸಣ್ಣ ತಕರಾರು. ನೀವು "ತೀರಿಕೊಂಡ" ಅಂತ ಬರೆದಿದ್ದೀರಿ. ಅಜ್ಜ ಅನ್ನುವಾಗ ಏಕವಚನ ಪ್ರೀತಿಯದೇ ಇರಬಹುದು. ಆದರೆ ನಮ್ಮ ಹಳ್ಳಿಗಳಲ್ಲಿ ಯಾರು "ತೀರಿಕೊಂಡ," ಯಾರು "ತೀರಿಕೊಂಡರು," ಯಾರು "ದೈವಾಧೀನರಾದರು" ಅನ್ನುವುದನ್ನು ಜಾತಿ ನೋಡಿ, ಜಮೀನು ನೋಡಿ ಹೇಳುವ ರೂಢಿ ಇದೆ. ನಿಮಗೆ ಗೊತ್ತಿಲ್ಲದ್ದಲ್ಲ. ನಮ್ಮ ಪುಟಗಳಲ್ಲಿ ಎಲ್ಲರೂ ತೀರಿಕೊಂಡರು. ಅಷ್ಟೇ.

"ಸಾಧನೆ ಏನು" ಅಂತ ಕೇಳಿದಿರಲ್ವಾ? ನಮ್ಮೂರಿನ ನೀರುಗಂಟಿಯ ಕತೆ ಹೇಳುತ್ತೇನೆ. ಕೆರೆಯ ತೂಬು ಅವರ ಕೈಯಲ್ಲಿತ್ತು. ತೂಬಿನ ಕಂಬ ಹಿಡಿದು ನೀರಿಗೆ ಇಳಿಯುತ್ತಿದ್ದರು. ಕಾಲಿನಲ್ಲೇ ತಡವಿ ಬಿರಡೆ ಎಲ್ಲಿದೆ ಅಂತ ಹುಡುಕುತ್ತಿದ್ದರು. ಹಲ್ಲು ಕಚ್ಚಿಕೊಂಡು ಎತ್ತುತ್ತಿದ್ದರು. ಮೇಲೆ ಬಂದಾಗ ತುಟಿ ನೀಲಿಯಾಗಿರುತ್ತಿತ್ತು. ಏರಿಯ ಮೇಲೆ ನಿಂತ ನಾವು ಹುಡುಗರು ಬೀಡಿ ಹಚ್ಚಿಕೊಡುತ್ತಿದ್ದೆವು, ಅವರ ಕೈ ನಡುಗುತ್ತಿತ್ತು ಅಂತ. ಆಲದ ಮರದ ನೆರಳು ಒಂದು ಕಲ್ಲು ಮುಟ್ಟಿದರೆ ಒಬ್ಬರ ಸರದಿ ಮುಗಿಯಿತು. ಗೌಡರ ಗದ್ದೆಯಾದರೂ ಅಷ್ಟೇ, ವಿಧವೆಯ ಅರ್ಧ ಎಕರೆಯಾದರೂ ಅಷ್ಟೇ. ನೀರು ಕಮ್ಮಿ ಇದ್ದ ವರ್ಷ ಅಚ್ಚುಕಟ್ಟಿನ ಕೊನೆಯ ಗದ್ದೆಗೆ ಹೋಗಿ ಮೊದಲು ನೋಡುತ್ತಿದ್ದರು. ಸುಗ್ಗಿಯಲ್ಲಿ ಕಣಕ್ಕೆ ಬಂದು ಭತ್ತದ ಪಾಲು ಇಸಿದುಕೊಳ್ಳುತ್ತಿದ್ದರು. ಕಣದ ಒಳಗೆ ಕರೆಯುತ್ತಿರಲಿಲ್ಲ. ಹೊರಗೆ ನಿಂತು ಸೆರಗಿಗೆ ಹಾಕಿಸಿಕೊಂಡಂತೆ ಪಂಚೆಗೆ ಹಾಕಿಸಿಕೊಳ್ಳುತ್ತಿದ್ದರು.

ಅವರು ತೀರಿಕೊಂಡಾಗ ಬಸ್‌ಸ್ಟ್ಯಾಂಡಿನಲ್ಲಿ ಒಂದು ಫ್ಲೆಕ್ಸ್ ಕಟ್ಟಿದರು. ಅದರಲ್ಲಿ ಹತ್ತು ಹನ್ನೆರಡು ಮುಖಂಡರ ಮುಖ ಇತ್ತು. ನೀರುಗಂಟಿಯ ಮುಖ ರೇಷನ್ ಕಾರ್ಡಿನಿಂದ ತೆಗೆದದ್ದು, ಮೂಲೆಯಲ್ಲಿ. ಅವರು ಏನು ಕೆಲಸ ಮಾಡುತ್ತಿದ್ದರು ಅಂತ ಒಂದು ಅಕ್ಷರ ಇರಲಿಲ್ಲ.

2022ರ ಮಳೆಯಲ್ಲಿ ಎಷ್ಟೋ ವರ್ಷದ ಮೇಲೆ ಕೆರೆ ಕೋಡಿ ಬಿತ್ತು. ಊರಿಗೆ ಊರೇ ಬಾಗಿನ ಬಿಟ್ಟಿತು. ಆಮೇಲೆ ತೂಬು ತೆಗೆಯಬೇಕು, ಯಾರಿಗೂ ಗೊತ್ತಿಲ್ಲ. ಕಾಲುವೆಯ ಒಂದು ಕವಲು ಯಾರ ಹೊಲದಲ್ಲಿ ಹಾದುಹೋಗುತ್ತದೆ ಅಂತ ಇಬ್ಬರು ಜಗಳ ಆಡಿ ಠಾಣೆಯ ಮೆಟ್ಟಿಲು ಹತ್ತಿದರು. ಕೊನೆಗೆ ನೀರುಗಂಟಿಯ ಹೆಂಡತಿಯನ್ನು ಕರೆತಂದರು. ಎಂಬತ್ತರ ಮುದುಕಿ. ಏರಿಯ ಮೇಲೆ ಕೋಲು ಊರಿ ನಿಂತು, "ಅವರು ಇಲ್ಲಿ ಇಳಿಯೋರು, ಅಲ್ಲಿಂದ ಹಿಂಗೆ ಹೋಗೋರು, ಆ ಹೊಂಗೆ ಮರದತ್ರ ಬಟ್ಟೆ ಹಿಂಡ್ಕೊಂಡು ಬರೋರು" ಅಂತ ಕೋಲಿನಲ್ಲಿ ತೋರಿಸಿದರು. ಹೊಂಗೆ ಮರದ ಬುಡದಲ್ಲಿ ಹೂಳು ತೆಗೆದರೆ ಕವಲಿನ ಕಲ್ಲು ಸಿಕ್ಕಿತು. ಈಗ ಆ ಅಮ್ಮನೂ ಇಲ್ಲ.

ನೀರುಗಂಟಿಯ ಬಗ್ಗೆ ಯಾರಾದರೂ ಒಂದು ಪುಟ ಬರೆದಿಟ್ಟಿದ್ದರೆ ಆ ಎರಡು ಮನೆಯವರು ಇವತ್ತಿಗೂ ಮಾತಾಡಿಕೊಂಡು ಇರುತ್ತಿದ್ದರು. ಧಾರಣೆ ಪಟ್ಟಿ ನಾಳೆಗೆ ಹಳತು ಮೇಷ್ಟ್ರೇ. ಕೃಷಿ ಮಾಹಿತಿ ಬೇಕು ಅಂದಿರಿ. ಇದಕ್ಕಿಂತ ದೊಡ್ಡ ಕೃಷಿ ಮಾಹಿತಿ ಯಾವುದು?

ಸಾಮಾನ್ಯರ ಸಾವನ್ನು ನೆನಪಿಡುವುದು ನಾವು ಪತ್ರಿಕೆಯವರು ಹೊಸದಾಗಿ ಕಲಿಸಿದ್ದಲ್ಲ. ನಿಮ್ಮ ಊರ ಸುತ್ತ ವೀರಗಲ್ಲುಗಳಿಗೆ ಬರವಿಲ್ಲ. ಒಂದರ ಮುಂದೆ ಹೋಗಿ ನಿಲ್ಲಿ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ಕರೆದೊಯ್ಯುವುದು, ಮೇಲೆ ಲಿಂಗದ ಮುಂದೆ ಕೂತಿರುವುದು, ತುದಿಯಲ್ಲಿ ಸೂರ್ಯ ಚಂದ್ರ. ಅದರಲ್ಲಿ ಎಷ್ಟೋ ಜನ ರಾಜರಲ್ಲ, ಸೇನಾಪತಿಗಳೂ ಅಲ್ಲ. ಊರಿನ ದನ ಹೊಡೆದುಕೊಂಡು ಹೋಗುವಾಗ ಅಡ್ಡ ನಿಂತು ಸತ್ತವರು. ನೀವು "ದನ ಕಾದವರು" ಅಂದಿರಲ್ಲ, ಅವರೇ. ಬೆಂಗಳೂರು ಅನ್ನುವ ಹೆಸರಿನ ಹಳೆಯ ಗುರುತು ಸಿಕ್ಕಿರುವುದೂ ಅಂಥ ಕಲ್ಲಿನಲ್ಲೇ. ಬೇಗೂರಿನ ವೀರಗಲ್ಲು, "ಬೆಂಗಳೂರು ಕಾಳಗ"ದಲ್ಲಿ ಸತ್ತ ಬುಟ್ಟಣ ಸೆಟ್ಟಿಯದು. ಅವನು ಸತ್ತದ್ದನ್ನು ಯಾರೋ ಬರೆಸದಿದ್ದರೆ ಅಷ್ಟು ದೊಡ್ಡ ಪಟ್ಟಣಕ್ಕೆ ಆ ಕಾಲದ ಸಾಕ್ಷಿ ಇರುತ್ತಿರಲಿಲ್ಲ.

ಇನ್ನೂ ಒಂದು ಹೇಳಲೇಬೇಕು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ, ಕ್ರಿ.ಶ. 950ರ ಸುಮಾರಿನದು. ಗಂಗರ ಅರಸ ಬೂತುಗನ ಕಡೆಯ ಮಣಲೇರ ಎಂಬ ವೀರ ಯುದ್ಧದಲ್ಲಿ ಗೆದ್ದುಬಂದ. ಏನು ಬೇಕು ಕೇಳು ಅಂದಾಗ, ಕಾಳಿ ಎಂಬ ನಾಯಿಯನ್ನು ಕೊಡಿ ಅಂದ. ಆ ನಾಯಿ ಮುಂದೆ ಒಂದು ದೊಡ್ಡ ಹಂದಿಯ ಜೊತೆ ಹೋರಾಡಿತು. ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿದರು, ಪೂಜೆಗೆ ಜಮೀನು ಬಿಟ್ಟರು. ಆ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಗುಡಿ ನೋಡಿಕೊಳ್ಳುವ ಗೊರವನಿಗೆ ಪಾಪ ಅಂತಲೂ ಬರೆಸಿದರು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಯ ಹೆಸರನ್ನೂ ಮರೆಯದೆ ಸಾವಿರ ವರ್ಷ ಕಾಪಾಡಿದ ನಾಡಿನಲ್ಲಿ ಕುಂಬಾರಜ್ಜನಿಗೆ ಅರ್ಧ ಪುಟ ಜಾಸ್ತಿಯಾಯಿತೇ?

ಕಲ್ಲು ಕೆಲವರಿಗೆ. ಉಳಿದವರಿಗೆ ಹೆಂಗಸರ ದನಿ ಇತ್ತು. ಹಾಡಿಕೊಂಡು ಅಳುವುದನ್ನು ನೀವೂ ಕೇಳಿರುತ್ತೀರಿ. ನಾನು ಚಿಕ್ಕವನಿದ್ದಾಗ ಪಕ್ಕದ ಮನೆಯ ಅಜ್ಜಿ ತೀರಿಕೊಂಡರು. ದೊಡ್ಡ ಮಗಳು ಗಂಡನ ಊರಿನಿಂದ ಬಂದು, ಬಾಗಿಲಲ್ಲೇ ಕುಸಿದು ಕೂತು ಶುರು ಮಾಡಿದಳು. "ತಿಳಿ ನೀ ಕುಡಿದು ಗಟ್ಟಿ ನಮಗೆ ಬಡಿಸಿದ್ಯಲ್ಲೇ ನನ್ನವ್ವ, ಸೀರೆ ಹರಿದರೂ ಸಾಲ ತೀರಿಸಿದ್ಯಲ್ಲೇ ನನ್ನವ್ವ." ಒಂದು ಗಂಟೆ ಹಾಡಿದಳು. ಯಾವ ಬರದಲ್ಲಿ ಏನು ಮಾರಿದರು, ಯಾವ ಸೊಸೆ ಎದುರು ಮಾತಾಡಿದಳು, ಯಾವ ಮೈದುನ ಪಾಲಿನಲ್ಲಿ ಮೋಸ ಮಾಡಿದ, ಎಲ್ಲ ಬಂತು. ಆ ಮೈದುನ ಅಲ್ಲೇ ಚಪ್ಪರದ ಕೆಳಗೆ ತಲೆ ತಗ್ಗಿಸಿ ನಿಂತಿದ್ದ. "ಎಲ್ಲರೂ ಒಳ್ಳೆಯದನ್ನೇ ಬರೆಯುತ್ತಾರೆ" ಅನ್ನುವ ನಿಮ್ಮ ಮಾತಿಗೆ ಇದೇ ಉತ್ತರ. ಬರೀ ಹೊಗಳಿಕೆ ಬಂದರೆ ನಾವು ವಾಪಸ್ ಕಳಿಸುತ್ತೇವೆ. ಹೋದ ಸಂಚಿಕೆಯಲ್ಲಿ ಒಬ್ಬ ಮಗ, ತಂದೆ ಕುಡಿಯುತ್ತಿದ್ದರು, ತಾಯಿಗೆ ಹೊಡೆಯುತ್ತಿದ್ದರು, ಮತ್ತೆ ಊರಲ್ಲಿ ಯಾರ ಹಸು ಕರು ಹಾಕಲು ಒದ್ದಾಡಿದರೂ ನಡುರಾತ್ರಿ ಎದ್ದು ಹೋಗುತ್ತಿದ್ದರು ಅಂತ ಬರೆದಿದ್ದರು. ಎರಡನ್ನೂ ಹಾಗೇ ಹಾಕಿದೆವು.

ಈಗ ಆ ಹಾಡು ಕೇಳುತ್ತದೆಯೇ? ಬೆಂಗಳೂರಿನಿಂದ ಕಾರು ಬರುತ್ತದೆ, ಹಾರ ಹಾಕುತ್ತಾರೆ, ಸಂಜೆಗೆ ವಾಪಸ್. ಮಿಕ್ಕವರು ಮೊಬೈಲಿನಲ್ಲಿ "ಓಂ ಶಾಂತಿ" ಕಳಿಸುತ್ತಾರೆ. ಮೂವತ್ತು ಜನ ಮೂವತ್ತು ಸಲ ಅದೇ ಎರಡು ಪದ. ಸತ್ತವರ ಹೆಸರೂ ಅದರಲ್ಲಿ ಇರುವುದಿಲ್ಲ.

ಸರ್ಕಾರ ಬರೆದುಕೊಳ್ಳುತ್ತದಲ್ಲ ಅನ್ನಬಹುದು. ಹೌದು, 1969ರ ಕಾಯಿದೆ ಪ್ರಕಾರ 21 ದಿನದೊಳಗೆ ಮರಣ ನೋಂದಣಿ ಮಾಡಿಸಬೇಕು. ನನ್ನ ತಾಯಿ ತೀರಿಕೊಂಡಾಗ ಆ ಫಾರಂ ತುಂಬಿದವನು ನಾನೇ. ಬೀಡಿ ಸಿಗರೇಟು ಸೇದುತ್ತಿದ್ದರೆ ಎಷ್ಟು ವರ್ಷ, ಹೊಗೆಸೊಪ್ಪು ಹಾಕುತ್ತಿದ್ದರೆ ಎಷ್ಟು ವರ್ಷ, ಅಡಿಕೆ ಎಷ್ಟು ವರ್ಷ, ಮದ್ಯ ಎಷ್ಟು ವರ್ಷ ಅಂತ ಒಂದೊಂದಕ್ಕೂ ಜಾಗ ಇದೆ. ರೋಗದ ಲೆಕ್ಕಕ್ಕೆ ಅದು ಬೇಕಿರಬಹುದು, ಬೇಡ ಅನ್ನುವುದಿಲ್ಲ. ಉದ್ಯೋಗ ಅನ್ನುವ ಕಡೆ ಬಂದಾಗ ಎದುರು ಕೂತವರು ನನ್ನನ್ನು ಕೇಳಲೇ ಇಲ್ಲ, "ಗೃಹಿಣಿ" ಅಂತ ಬರೆದುಬಿಟ್ಟರು. ನಮ್ಮವ್ವ ಐವತ್ತು ವರ್ಷ ರಾಗಿ ಬೆಳೆದವಳು. ಬಿತ್ತನೆ ರಾಗಿಯನ್ನು ಬೇವಿನ ಸೊಪ್ಪು, ಬೂದಿ ಹಾಕಿ ಮಡಕೆಯಲ್ಲಿ ಕಟ್ಟಿಡುತ್ತಿದ್ದಳು. ಅರ್ಧ ಊರು ಅವಳ ಹತ್ತಿರ ಬೀಜಕ್ಕೆ ಬರುತ್ತಿತ್ತು. ರೈತ ಅಂತ ಬರೆಯಿರಿ ಅಂದೆ. "ಪಹಣಿ ಅವರ ಹೆಸರಲ್ಲಿ ಇಲ್ವಲ್ಲ" ಅಂದರು. ನಾನು ಸುಮ್ಮನೆ ಎದ್ದು ಬಂದೆ. ಆ ಸುಮ್ಮನಿದ್ದದ್ದು ಇನ್ನೂ ಚುಚ್ಚುತ್ತದೆ.

ದೊಡ್ಡ ಪ್ರಶಸ್ತಿ ಬಂದರೆ ಮಾತ್ರ ಇಂಥವರು ಕಣ್ಣಿಗೆ ಬೀಳುತ್ತಾರೆ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಹದಿನೈದು ಸಾವಿರಕ್ಕೂ ಜಾಸ್ತಿ ಹೆರಿಗೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಮಳವಳ್ಳಿ ತಾಲ್ಲೂಕಿನಲ್ಲಿ ಕುರಿ ಕಾಯುತ್ತ ಕುಂದೂರು ಬೆಟ್ಟದಲ್ಲಿ ಕಟ್ಟೆಗಳನ್ನು ತೋಡಿದ ಕಾಮೇಗೌಡರು 2022ರಲ್ಲಿ ಹೋದರು. ಅಂಕೋಲಾ ತಾಲ್ಲೂಕು ಎರಡು ತಿಂಗಳಲ್ಲಿ ಇಬ್ಬರನ್ನು ಕಳೆದುಕೊಂಡಿತು. 2024ರ ಡಿಸೆಂಬರಿನಲ್ಲಿ ಗಿಡ ನೆಟ್ಟು ಬೆಳೆಸಿದ ತುಳಸಿ ಗೌಡ, 2025ರ ಫೆಬ್ರವರಿಯಲ್ಲಿ ಜಾನಪದ ಹಾಡಿನ ಸುಕ್ರಜ್ಜಿ, ಅಂದರೆ ಸುಕ್ರಿ ಬೊಮ್ಮಗೌಡ. ಎಲ್ಲ ಪತ್ರಿಕೆಗಳೂ ಬರೆದವು, ನಾವೂ ಬರೆದೆವು. ಸಂತೋಷ. ಆದರೆ ನರಸಮ್ಮನವರಂತೆ ಬಸುರಿಯರ ಹೊಟ್ಟೆ ಮುಟ್ಟಿ ಮಗು ಹೇಗಿದೆ ಅಂತ ಹೇಳುತ್ತಿದ್ದ ಸೂಲಗಿತ್ತಿ ನಿಮ್ಮ ಊರಲ್ಲೂ ಒಬ್ಬರು ಇದ್ದರು ತಾನೇ? ಅವರ ಹೆಸರು ಎಷ್ಟು ಜನಕ್ಕೆ ಗೊತ್ತು? ನಿಮ್ಮನ್ನು ಎತ್ತಿಕೊಂಡ ಮೊದಲ ಕೈ ಯಾರದು ಅಂತ ನಿಮಗಾದರೂ ಗೊತ್ತೇ? ನೀವು ಮೇಷ್ಟ್ರು, ಅದಕ್ಕೇ ಇಷ್ಟು ಗಟ್ಟಿಯಾಗಿ ಕೇಳುತ್ತಿದ್ದೇನೆ. ನಾಲ್ಕನೇ ಕ್ಲಾಸಿನ ಮಕ್ಕಳಿಗೆ ರಾಜರ ವಂಶಾವಳಿ ಬಾಯಿಪಾಠ ಮಾಡಿಸಿದ್ದೀರಿ. ಊರಿನ ಕೆರೆ ಕಾದವರ ವಂಶಾವಳಿ ಒಂದು ದಿನ ಬೋರ್ಡಿನ ಮೇಲೆ ಬರೆದಿದ್ದೀರಾ?

ಈ ಪುಟ ಶುರುವಾದದ್ದು 2021ರ ಮೇ ತಿಂಗಳಲ್ಲಿ. ಕೊರೊನಾ ಎರಡನೇ ಅಲೆ. ದಿನಕ್ಕೆ ನಾಲ್ಕೈದು ಫೋನ್ ಬರುತ್ತಿದ್ದವು. ಮುಖ ನೋಡಲಿಲ್ಲ, ಹಾಲು ತುಪ್ಪ ಬಿಡಲಿಲ್ಲ, ತಿಥಿಗೆ ಜನ ಬರಲಿಲ್ಲ. "ಸಾರ್, ನಮ್ಮಪ್ಪನ ಬಗ್ಗೆ ನಾಲ್ಕು ಸಾಲು ಹಾಕ್ತೀರಾ" ಅಂತ ಒಬ್ಬ ಹುಡುಗಿ ಕೇಳಿದಳು. ಏನು ಹಾಕಲಿ ಅಂದೆ. "ಅವರು ಎತ್ತಿಗೆ ಲಾಳ ಕಟ್ತಿದ್ರು. ಕಟ್ಟೋ ಮುಂಚೆ ಎತ್ತಿನ ಕಿವೀಲಿ ಏನೋ ಹೇಳೋರು. ಏನು ಅಂತ ಯಾರಿಗೂ ಹೇಳ್ಲಿಲ್ಲ" ಅಂದಳು. ಅದನ್ನೇ ಹಾಕಿದೆವು. ಆವತ್ತಿನಿಂದ ಒಂದು ತಿಂಗಳೂ ಪುಟ ನಿಂತಿಲ್ಲ.

ಮಹಾಲಯ ಅಮಾವಾಸ್ಯೆಗೆ ನಿಮ್ಮ ಮನೆಯಲ್ಲೂ ಎಡೆ ಇಡುತ್ತೀರಿ. ಹಿರಿಯರಿಗೆ ಏನು ಇಷ್ಟ ಇತ್ತು ಅಂತ ನೆನಪು ಮಾಡಿಕೊಂಡೇ ಇಡುತ್ತೀರಿ. ಒಬ್ಬರಿಗೆ ಕಜ್ಜಾಯ, ಒಬ್ಬರಿಗೆ ಎಲೆ ಅಡಿಕೆ, ಒಬ್ಬರಿಗೆ ಒಂದು ಕಟ್ಟು ಬೀಡಿ. ಎಲ್ಲರಿಗೂ ಒಂದೇ ತರಹ ಇಡುವುದಿಲ್ಲ. ನಾನು ಓದುಗರಿಂದ ಕೇಳುವುದೂ ಅಷ್ಟೇ. ಆ ಒಬ್ಬರಿಗೆ ಮಾತ್ರ ಸೇರಿದ್ದನ್ನು ಬರೆಯಿರಿ.

ಕುಂಬಾರಜ್ಜನ ಬಗ್ಗೆ ನೀವೇ ಬರೆಯಬೇಕು. ಬೇರೆ ಯಾರಿಗೂ ನಾನು ಹೇಳುವುದಿಲ್ಲ. ಅವರು ಮಣ್ಣನ್ನು ಯಾವ ಕೆರೆಯಿಂದ ತರುತ್ತಿದ್ದರು, ಕೆರೆಯ ಯಾವ ಮಗ್ಗುಲಿನಿಂದ? ಹದ ಬಂತು ಅಂತ ಹೇಗೆ ನೋಡುತ್ತಿದ್ದರು? ಮಡಕೆ ತಿರುಗಿಸುವ ಚಕ್ರ, ಆ ತಿಗರಿಯಿಂದ ಇಳಿಸಿದ ಮೇಲೆ ಹಲಗೆಯಲ್ಲಿ ತಟ್ಟುವಾಗ ಒಳಗೆ ಹಿಡಿಯುವ ಕಲ್ಲಿನ ಗುಂಡು ಯಾರ ಕಾಲದ್ದು, ಈಗ ಎಲ್ಲಿದೆ? ಮಡಕೆ ಸುಡುವ ಆವಿಗೆಗೆ ಯಾವ ಸೌದೆ? ಮಡಕೆಗೆ ದುಡ್ಡು ಇಸಿದುಕೊಳ್ಳುತ್ತಿದ್ದರೋ ರಾಗಿಯೋ? ಸಾವಿನ ಮಡಕೆಗೂ ದುಡ್ಡು ಇಸಿದುಕೊಳ್ಳುತ್ತಿದ್ದರೇ? ಮಕ್ಕಳು ಕಸುಬು ಬಿಟ್ಟಾಗ ಏನಂದರು? ಮಕ್ಕಳನ್ನೂ ಕೇಳಿ. "ಬೇಡ" ಅಂದವರೂ ಅಪ್ಪನ ಬಗ್ಗೆ ಕೇಳಿದರೆ ಎರಡು ಗಂಟೆ ಮಾತಾಡುತ್ತಾರೆ, ನಾನು ಎಷ್ಟೋ ಸಲ ನೋಡಿದ್ದೇನೆ.

ಇಪ್ಪತ್ತನೇ ತಾರೀಖಿನೊಳಗೆ ಕಳಿಸಿ. ಒಂದು ಪುಟ ಖಾಲಿ ಇಟ್ಟಿದ್ದೇನೆ, ಬಿಳಿನೊಣದ ಪಕ್ಕದಲ್ಲೇ. ಅಜ್ಜನ ಫೋಟೋ ಇಲ್ಲದಿದ್ದರೆ ತಿಗರಿಯದ್ದು ಕಳಿಸಿ. ಅದನ್ನು ಗುಜರಿಗೆ ಹಾಕುವ ಮೊದಲು ಹೋಗಿ ತೆಗೆದುಕೊಳ್ಳಿ.

ಸಂಪಾದಕ