ಏಡಿಗೆ ತೊಟ್ಟಿ ಯಾಕೆ?

ಪ್ರಶ್ನೆ: ಭದ್ರಾ ಕಾಲುವೆ ಕಡೆಯ ಗದ್ದೆ ಏಡಿ ಒದ್ದೆ ಗೋಣಿಚೀಲದಲ್ಲೇ ಬದುಕಿರುತ್ತೆ. ಅಲಾಸ್ಕಾದ ಏಡಿ ದೋಣಿಗಳಲ್ಲಿ ನೀರಿನ ತೊಟ್ಟಿ ಯಾಕೆ? ಕ್ಯಾಪ್ಟನ್‌ಗೆ ದೊಡ್ಡ ಭಯ ಯಾವುದು?
— ಓದುಗರೊಬ್ಬರು, ಹರಿಹರ

ಉತ್ತರ: ಗದ್ದೆ ಏಡಿ ಮೈ ಒದ್ದೆಯಿದ್ದರೆ ಗಾಳಿಯಲ್ಲೂ ಉಸಿರಾಡುತ್ತದೆ. ಅಲಾಸ್ಕಾದಲ್ಲಿ ಹಿಡಿಯುವ ಕಡಲ ಏಡಿಯಾದ ಕಿಂಗ್ ಕ್ರ್ಯಾಬ್‌ಗೆ ತಣ್ಣನೆಯ ಸಮುದ್ರದ ನೀರು ಹರಿಯುತ್ತಲೇ ಇರಬೇಕು. ಪಂಪು ನಿಂತರೆ ಸಾಯುತ್ತದೆ; ಸತ್ತದ್ದು ಬೇಗ ಕೆಡುವುದರಿಂದ ಯಾರೂ ಕೊಳ್ಳರು. ತೊಟ್ಟಿ ಕಂಠಮಟ್ಟ ತುಂಬಿರಬೇಕು, ಅರ್ಧವಿದ್ದರೆ ನೀರು ಒಂದೇ ಪಕ್ಕಕ್ಕೆ ನುಗ್ಗಿ ದೋಣಿ ಇನ್ನಷ್ಟು ವಾಲುತ್ತದೆ.

ಭಯ ಮಂಜುಗಡ್ಡೆಯದು. ಸಿಡಿದ ಅಲೆಯ ನೀರು ದೋಣಿಯ ಮೇಲಿಟ್ಟ, ಏಡಿ ಹಿಡಿಯುವ ಪಂಜರಗಳ ಮೇಲೆ ಹೆಪ್ಪುಗಟ್ಟುತ್ತದೆ. ಖಾಲಿ ಉಕ್ಕಿನ ಪಂಜರವೇ ಸುಮಾರು 300 ಕೆಜಿ! ಮೇಲ್ಭಾರ ಏರಿದಂತೆ ವಾಲಿದ ದೋಣಿ ನಿಧಾನಕ್ಕೆ ಏಳುತ್ತದೆ. ಕ್ಯಾಪ್ಟನ್ ಗಮನಿಸುವುದು ಆ ನಿಧಾನವನ್ನೇ. ಕಂಡೊಡನೆ ವೇಗ ಇಳಿಸಿ, ಎಲ್ಲರಿಗೂ ಸುತ್ತಿಗೆ ಕೊಟ್ಟು ಮಂಜು ಒಡೆಸುತ್ತಾನೆ.