ಇಳಿದುಹೋಗುವ ಊತವೇ ಮೋಸ ಮಾಡುತ್ತದೆ

ನಿಮ್ಮ ತಂಗಿಗೆ 24 ವರ್ಷವೆಂದೂ, ಎಂಟು ತಿಂಗಳಲ್ಲಿ ನಾಲ್ಕು ಸಲ ಮೇಲ್ದುಟಿ ಊದಿಕೊಂಡು ತಾನಾಗಿಯೇ ಇಳಿಯಿತೆಂದೂ, ಕಳೆದ ಸಲ ಊತದ ಜೊತೆಗೆ ಅರ್ಧ ಮುಖ ಸೊಟ್ಟಗಾದಾಗ ವೈದ್ಯರು ‘ಮೆಲ್ಕರ್ಸನ್-ರೋಸೆಂಥಾಲ್ ಸಿಂಡ್ರೋಮ್’ ಇರಬಹುದೆಂದು ಹೇಳಿದರೆಂದೂ ಬರೆದಿದ್ದೀರಿ. ಇದರೊಂದಿಗೆ ಬದುಕುತ್ತಿರುವವರು ಯಾರಾದರೂ ಇದ್ದಾರೆಯೇ, ಮುಖ ಮೊದಲಿನಂತಾಗುತ್ತದೆಯೇ, ಮಾತುಕತೆ ನಡೆಯುತ್ತಿರುವ ಹುಡುಗನ ಕಡೆಯವರಿಗೆ ಇದನ್ನು ಹೇಳಬೇಕೇ ಎಂದು ಕೇಳಿದ್ದೀರಿ.

ನಾನಿದ್ದೇನೆ. ಶಿರಾ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಹುಟ್ಟಿ, ಈಗ ತುಮಕೂರಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಪಾಠ ಮಾಡುತ್ತಿದ್ದೇನೆ. ವೈದ್ಯಳಲ್ಲ, 2011ರಿಂದ ಈ ಕಾಯಿಲೆಯನ್ನು ಮುಖದ ಮೇಲೆ ಹೊತ್ತು ತಿರುಗಿದ ಅನುಭವದಿಂದಲೂ, ನನ್ನನ್ನು ನೋಡಿದ ವೈದ್ಯರನ್ನು ಕಾಡಿ ಕೇಳಿ ತಿಳಿದುಕೊಂಡದ್ದರಿಂದಲೂ ಬರೆಯುತ್ತಿದ್ದೇನೆ.

ಆ ವರ್ಷದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಎದ್ದಾಗ ಮೇಲ್ದುಟಿಯ ಬಲಭಾಗ ಹೆಬ್ಬೆರಳಿನಷ್ಟು ದಪ್ಪವಾಗಿತ್ತು. ನೋವಿರಲಿಲ್ಲ, ತುರಿಕೆಯಿರಲಿಲ್ಲ, ಜ್ವರವೂ ಇರಲಿಲ್ಲ. ರಾತ್ರಿ ಏನೋ ಹುಳ ಮುಟ್ಟಿದೆ ಎಂದು ಮನೆಯಲ್ಲಿ ತೀರ್ಮಾನವಾಯಿತು. ಕ್ಲಿನಿಕ್ಕಿನಲ್ಲಿ ಅಲರ್ಜಿಗೆ ಕೊಡುವ ಅವಿಲ್ ಚುಚ್ಚುಮದ್ದು ಕೊಟ್ಟರು, ಮೂರನೆಯ ದಿನ ಊತ ಇಳಿಯಿತು, ಇಳಿದದ್ದು ಚುಚ್ಚುಮದ್ದಿನಿಂದಲೇ ಎಂದು ಎಲ್ಲರೂ ನಂಬಿದೆವು. ಆ ನಂಬಿಕೆ ನಮ್ಮನ್ನು ಮೂರು ವರ್ಷ ಅಲೆಸಿತು. ಮತ್ತೆ ಊದಿದಾಗಲೆಲ್ಲ ಅಲರ್ಜಿ ಎಂದರು. ಮನೆಯಲ್ಲಿ ನಂಜು ಎಂದರು. ಬದನೆಕಾಯಿ ಬಿಟ್ಟೆ, ಕಡಲೆಕಾಯಿ ಬಿಟ್ಟೆ, ಮೊಟ್ಟೆ, ಮೀನು ಬಿಟ್ಟೆ, ಒಂದು ವರ್ಷ ಅವರೆಕಾಯಿಯ ಕಾಲದಲ್ಲಿ ಹಿತಕಿದ ಬೇಳೆಯ ಸಾರನ್ನೂ ಮುಟ್ಟದೆ ಕಳೆದೆ. ತುಟಿ ಮಾತ್ರ ತನ್ನಿಷ್ಟ ಬಂದಾಗ ಊದುತ್ತಿತ್ತು, ತನ್ನಿಷ್ಟ ಬಂದಾಗ ಇಳಿಯುತ್ತಿತ್ತು.

ವೈದ್ಯರ ಬಳಿಗೆ ಹೋಗುವಷ್ಟರಲ್ಲಿ ಊತ ಇಳಿದಿರುವುದೇ ಈ ಕಾಯಿಲೆಯ ದೊಡ್ಡ ತೊಡಕು. ‘ಈಗ ಏನೂ ಇಲ್ಲವಲ್ಲ’ ಎಂಬ ಮಾತನ್ನು ನಾನು ಎಷ್ಟು ಬಾಗಿಲುಗಳಲ್ಲಿ ಕೇಳಿದ್ದೇನೆಂಬ ಲೆಕ್ಕವಿಲ್ಲ. ಆದ್ದರಿಂದ ನಿಮ್ಮ ತಂಗಿ ಈ ಹೊತ್ತಿನಿಂದಲೇ ಮಾಡಬೇಕಾದ ಕೆಲಸವೊಂದಿದೆ. ಊತ ಬಂದ ದಿನದಿಂದ ಪೂರ್ತಿ ಇಳಿಯುವ ತನಕ ಪ್ರತಿದಿನ ಒಂದೇ ಜಾಗದಲ್ಲಿ, ಕಿಟಕಿಯ ಬೆಳಕಿಗೆ ಮುಖ ಮಾಡಿ, ಎದುರಿನಿಂದ ಒಂದು, ಎರಡು ಪಕ್ಕಗಳಿಂದ ಒಂದೊಂದು ಫೋಟೊ ತೆಗೆಯಬೇಕು. ನಕ್ಕಾಗ, ಕಣ್ಣು ಬಿಗಿಯಾಗಿ ಮುಚ್ಚಿದಾಗ, ಹುಬ್ಬು ಏರಿಸಿದಾಗ ಮುಖ ಹೇಗೆ ಕಾಣುತ್ತದೆಂಬುದೂ ಇರಲಿ. ಜೊತೆಗೆ ತಾರೀಖು, ಯಾವ ಮಾತ್ರೆ ನುಂಗಿದಳು, ಎಷ್ಟು ಗಂಟೆಯ ಮೇಲೆ ಇಳಿಯತೊಡಗಿತು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಸಾಮಾನ್ಯ ಅಲರ್ಜಿಯ ಊತದ ಜೊತೆಗೆ ಹೆಚ್ಚಾಗಿ ತುರಿಕೆ ಅಥವಾ ಮೈಮೇಲೆ ದದ್ದು ಇರುತ್ತದೆ, ಅಲರ್ಜಿಯ ಮಾತ್ರೆಗೆ ಬಗ್ಗುತ್ತದೆ, ಒಂದೆರಡು ದಿನಗಳಲ್ಲಿ ಗುರುತಿಲ್ಲದಂತೆ ಹೋಗುತ್ತದೆ. ನಮ್ಮದು ಮೊದಮೊದಲು ಹಾಗೆಯೇ ನಟಿಸಿದರೂ ಸಲದಿಂದ ಸಲಕ್ಕೆ ಸ್ವಲ್ಪ ಸ್ವಲ್ಪ ಉಳಿದುಕೊಳ್ಳುತ್ತದೆ. 2013ರ ಹೊತ್ತಿಗೆ ನನ್ನ ತುಟಿ ಪೂರ್ತಿ ಇಳಿಯುವುದನ್ನು ನಿಲ್ಲಿಸಿತ್ತು. ಬೆರಳಿನಿಂದ ಒತ್ತಿದರೆ ಗುಳಿ ಬೀಳದೆ, ಪೆನ್ಸಿಲ್ ಅಳಿಸುವ ರಬ್ಬರಿನಂತೆ ಸಿಗುತ್ತಿತ್ತು.

ಇಲ್ಲಿ ಒಂದು ಎಚ್ಚರಿಕೆಯನ್ನು ಬಿಡುವಂತಿಲ್ಲ. ನಾಲಿಗೆ ಅಥವಾ ಗಂಟಲು ಊದಿ, ಉಸಿರಿಗೋ ನುಂಗುವುದಕ್ಕೋ ಕಷ್ಟವಾದರೆ ಹೆಸರು ಯಾವುದಾದರೂ ಇರಲಿ, ತಡಮಾಡದೆ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ವಂಶಪಾರಂಪರ್ಯವಾಗಿ ಬರುವ ಬೇರೊಂದು ಊತದ ಕಾಯಿಲೆಯೂ ಇದೆ. ಅದಕ್ಕೆ ಸಿ4 ಎಂಬ ರಕ್ತಪರೀಕ್ಷೆಯಿಂದ ಸುಳಿವು ಸಿಗುತ್ತದೆ. ಎನಲಾಪ್ರಿಲ್, ರಾಮಿಪ್ರಿಲ್ ಮುಂತಾದ ರಕ್ತದೊತ್ತಡದ ಮಾತ್ರೆಗಳಿಂದಲೂ ತುಟಿ ಊದುವುದುಂಟು. ನಿಮ್ಮ ತಂಗಿಯ ವಯಸ್ಸಿಗೆ ಆ ಮಾತ್ರೆಗಳ ಸಂಭವ ಕಡಿಮೆ, ಆದರೂ ಕೇಳಿದವರಿಗೆ ಹೇಳಲು ಗೊತ್ತಿರಲಿ.

ಮುಖ ಸೊಟ್ಟಗಾದದ್ದು 2014ರಲ್ಲಿ. ಹಲ್ಲುಜ್ಜಿ ಬಾಯಿ ಮುಕ್ಕಳಿಸುವಾಗ ನೀರು ಬಲಗಡೆಯ ಮೂಲೆಯಿಂದ ತಾನಾಗಿ ಸೋರಿ ರವಿಕೆ ಒದ್ದೆಯಾಯಿತು. ಕನ್ನಡಿಯಲ್ಲಿ ನೋಡಿದರೆ ಬಲಗಣ್ಣು ಮುಚ್ಚುತ್ತಿಲ್ಲ. ಲಕ್ವ ಹೊಡೆದಿದೆ ಎಂದು ಅತ್ತೆ ಅಳುವುದಕ್ಕೇ ಶುರುಮಾಡಿದರು. ಊರಿನಿಂದ ಫೋನ್ ಮಾಡಿದವರೆಲ್ಲ ನಾಟಿ ಔಷಧಿಯವರ ಹೆಸರು ಹೇಳಿದರು. ನನ್ನ ಯಜಮಾನರು ಮಾತ್ರ ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋದರು, ಆ ಋಣ ದೊಡ್ಡದು. ಕೈಕಾಲಿನ ಬಲ ಸರಿಯಾಗಿದ್ದು, ಹಣೆಯನ್ನೂ ಸುಕ್ಕುಗಟ್ಟಿಸಲಾಗದೆ ಮುಖದ ಒಂದು ಪಕ್ಕ ಪೂರ್ತಿ ಸೋತಿದ್ದರೆ ಅದು ಸಾಮಾನ್ಯವಾಗಿ ಮಿದುಳಿನ ಪಾರ್ಶ್ವವಾಯು ಆಗಿರುವುದಿಲ್ಲ, ಮುಖದ ನರದ ತೊಂದರೆಯಾಗಿರುತ್ತದೆ ಎಂದು ಅಲ್ಲಿ ತಿಳಿಯಿತು. ಆದರೆ ಹಾಗೆಂದು ನಿರ್ಧರಿಸಬೇಕಾದವರು ವೈದ್ಯರು, ಮನೆಯವರಲ್ಲ. ನರಕ್ಕೆ ಸ್ಟೀರಾಯ್ಡ್ ಮಾತ್ರೆ ಕೊಡುವುದಾದರೆ ಮೊದಲ 72 ಗಂಟೆಗಳೊಳಗೆ ಕೊಟ್ಟರೆ ಹೆಚ್ಚು ಪ್ರಯೋಜನವೆಂಬ ಕಾರಣಕ್ಕೂ ಆ ದಿನವೇ ಹೋಗಬೇಕು. ಮುಚ್ಚದ ಕಣ್ಣಿಗೆ ಹಗಲು ಕೃತಕ ಕಣ್ಣೀರಿನ ಹನಿ, ರಾತ್ರಿ ಮುಲಾಮು ಹಾಕಿ ರೆಪ್ಪೆಯನ್ನು ಟೇಪಿನಿಂದ ಮುಚ್ಚುವುದು ಸಣ್ಣ ಕೆಲಸವೆನಿಸಿದರೂ ಬಿಡಬೇಡಿ. ಒಣಗಿದ ಕಣ್ಣಿನ ಕರಿಗುಡ್ಡೆಗೆ ಹುಣ್ಣಾದರೆ ದೃಷ್ಟಿಗೇ ಸಂಚಕಾರ.

ಮುಖ ಸೋತಿದ್ದ ಆ ಎರಡು ತಿಂಗಳು ನನ್ನನ್ನು ಹೆಚ್ಚು ನೋಯಿಸಿದ್ದು ಪವರ್ಗ. ಪ, ಫ, ಬ, ಭ, ಮ ಇವು ಓಷ್ಠ್ಯಗಳು, ಎರಡೂ ತುಟಿ ಕೂಡದೆ ಹುಟ್ಟುವುದಿಲ್ಲವೆಂದು ಎಂಟನೆಯ ತರಗತಿಗೆ ವರ್ಷ ವರ್ಷವೂ ಹೇಳಿಕೊಟ್ಟವಳು ನಾನು. ಹಾಜರಿ ಕರೆಯುವಾಗ ಪವಿತ್ರ ‘ಹವಿತ್ರ’ಳಾದಳು, ಭಾಗ್ಯಳ ಹೆಸರು ಬರೀ ಗಾಳಿಯಾಗಿ ಹೋಯಿತು. ಕೊನೆಗೆ ಬಲಗೆನ್ನೆಯನ್ನು ಬೆರಳಿನಿಂದ ಮೇಲಕ್ಕೆತ್ತಿ ಹಿಡಿದು ಹೆಸರು ಕರೆಯುತ್ತಿದ್ದೆ. ಮೂರನೆಯ ದಿನ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಏನೂ ಹೇಳದೆ ಹಾಜರಿ ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಕರೆಯತೊಡಗಿದಳು. ಊಟದಲ್ಲಿ ಮುದ್ದೆ ನನ್ನ ಪಾಲಿಗೆ ವರವಾಯಿತು, ಅಗಿಯುವ ಗೋಜಿಲ್ಲದೆ ನುಂಗಬಹುದಲ್ಲ. ನೀರನ್ನು ಲೋಟಕ್ಕೆ ಬಾಯಿ ಕಚ್ಚಿ ಕುಡಿದರೆ ಸೋರುತ್ತಿತ್ತು, ಅಜ್ಜಿ ಕಲಿಸಿದಂತೆ ತಲೆ ಹಿಂದಕ್ಕೆ ಬಾಗಿಸಿ ಎತ್ತಿ ಕುಡಿದರೆ ಒಳಗೆ ಹೋಗುತ್ತಿತ್ತು.

ಕಾಯಿಲೆಯ ಹೆಸರು ಸಿಕ್ಕಿದ್ದು ದಂತವೈದ್ಯರಿಂದ ಎಂದರೆ ನಿಮಗೆ ಆಶ್ಚರ್ಯವಾಗಬಹುದು. ದಂತ ಕಾಲೇಜಿನ ಬಾಯಿರೋಗ ವಿಭಾಗದ ಯುವ ವೈದ್ಯೆಯೊಬ್ಬರು ತುಟಿ ನೋಡಿ, ಸೊಟ್ಟ ಬಾಯಿ ನೋಡಿ, ನಾಲಿಗೆ ಚಾಚಿ ಎಂದರು. ನನ್ನ ನಾಲಿಗೆಯ ಮೇಲೆ ಚಿಕ್ಕಂದಿನಿಂದಲೂ ಸೀಳುಗಳಿವೆ. ‘ನೀರಿಲ್ಲದ ಕೆರೆ ಬಿರುಕು ಬಿಟ್ಟಂಗೈತೆ’ ಎಂದು ಅಜ್ಜಿ ನಗುತ್ತಿದ್ದರು. ಸೀಳು ನಾಲಿಗೆ ಅದೊಂದೇ ಇದ್ದರೆ ಕಾಯಿಲೆಯಲ್ಲ, ಎಷ್ಟೋ ಆರೋಗ್ಯವಂತರಲ್ಲಿ ಇರುತ್ತದೆ. ಮುಖದ ಊತವೂ ನರದ ಸೋಲೂ ಒಟ್ಟಿಗೆ ಬರುವುದನ್ನು ಸ್ವೀಡನ್ನಿನ ವೈದ್ಯ ಎರ್ನ್‌ಸ್ಟ್ ಮೆಲ್ಕರ್ಸನ್ 1928ರಲ್ಲಿ ವಿವರಿಸಿದ್ದರಂತೆ; 1931ರಲ್ಲಿ ಜರ್ಮನಿಯ ಕರ್ಟ್ ರೋಸೆಂಥಾಲ್ ಅದಕ್ಕೆ ಈ ಸೀಳು ನಾಲಿಗೆಯನ್ನು ಸೇರಿಸಿದರು. ಮೂರೂ ಲಕ್ಷಣಗಳು ಒಬ್ಬರಲ್ಲೇ ಸೇರುವುದು ಕಡಿಮೆ, ಅದೂ ವರ್ಷಗಳ ಅಂತರದಲ್ಲಿ ಒಂದೊಂದಾಗಿ ಬರುವುದುಂಟು. ತಂಗಿಯ ನಾಲಿಗೆಯನ್ನು ಯಾರಾದರೂ ನೋಡಿದ್ದಾರೆಯೇ?

ಊತ ಉಳಿದುಕೊಂಡಿರುವಾಗ ತುಟಿಯ ಒಳಭಾಗದಿಂದ ಜೋಳದ ಕಾಳಿನಷ್ಟು ಚೂರು ತೆಗೆದು ಬಯಾಪ್ಸಿ ಮಾಡುತ್ತಾರೆ. ಮರಗಟ್ಟಿಸುವ ಸೂಜಿಯಷ್ಟೇ ನೋವು, ಎರಡು ಹೊಲಿಗೆ. ವರದಿಯಲ್ಲಿ ‘ಗ್ರಾನುಲೋಮ’ ಎಂಬ ಶಬ್ದವಿದ್ದರೆ ಗಾಬರಿಯಾಗಬೇಡಿ, ಅದು ಉರಿಯೂತದ ಜೀವಕೋಶಗಳು ಗುಂಪುಗೂಡಿದ ಗಂಟು. ಆದರೆ ಕ್ಷಯದಲ್ಲೂ ಕುಷ್ಠದಲ್ಲೂ ಶ್ವಾಸಕೋಶ ಮುಂತಾದ ಕಡೆ ಉರಿಯೂತದ ಗಂಟು ಕಟ್ಟುವ ಸಾರ್ಕಾಯ್ಡೋಸಿಸ್‌ನಲ್ಲೂ ಇಂಥ ಗಂಟುಗಳು ಕಾಣಿಸುವುದರಿಂದ ನಮ್ಮ ಕಡೆ ಅವುಗಳನ್ನು ತಳ್ಳಿಹಾಕದೆ ಮುಂದೆ ಹೋಗುವುದು ತಪ್ಪು. ನನಗೆ ಎದೆಯ ಎಕ್ಸ್‌ರೇ, ಕ್ಷಯಕ್ಕಾಗಿ ಚರ್ಮಕ್ಕೆ ಚುಚ್ಚಿ ನೋಡುವ ಮಾಂಟೂ ಪರೀಕ್ಷೆ, ಸ್ಲೈಡಿನ ಮೇಲೆ ಕ್ಷಯಾಣುವಿನ ಬಣ್ಣದ ಪರೀಕ್ಷೆ ಎಲ್ಲವೂ ಆದವು. ಕರುಳಿನ ಕ್ರೋನ್ಸ್ ಕಾಯಿಲೆಯೂ ಕೆಲವೊಮ್ಮೆ ಮೊದಲು ತುಟಿಯಲ್ಲೇ ತೋರುತ್ತದೆ. ತಂಗಿಗೆ ಬಹಳ ದಿನಗಳಿಂದ ಹೊಟ್ಟೆನೋವು, ಭೇದಿ, ತೂಕ ಇಳಿಯುವುದು ಇದ್ದರೆ ಸಂಕೋಚಪಡದೆ ಹೇಳಲಿ. ಒಂದೇ ಬಯಾಪ್ಸಿಯಲ್ಲಿ ಗಂಟು ಸಿಗದಿದ್ದರೆ ಕಾಯಿಲೆ ಇಲ್ಲವೆಂದು ಅರ್ಥವಲ್ಲ. ಮೊದಮೊದಲ ಊತದಲ್ಲಿ ಬರೀ ನೀರು ತುಂಬಿದ ಅಂಗಾಂಶವಷ್ಟೇ ಕಂಡೀತು.

ಚಿಕಿತ್ಸೆಯ ವಿಷಯದಲ್ಲಿ ನಿಮಗೆ ಸುಳ್ಳು ಧೈರ್ಯ ಹೇಳಲಾರೆ: ಬೇರುಸಹಿತ ಕೀಳುವ ಔಷಧಿಯಿಲ್ಲ, ಹತೋಟಿಯಲ್ಲಿಡುವ ಔಷಧಿಗಳಿವೆ. ತುಟಿಯೊಳಕ್ಕೇ ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡನ್ನು ಕೆಲವು ವಾರಗಳಿಗೊಮ್ಮೆ ಚುಚ್ಚುತ್ತಾರೆ, ಮರಗಟ್ಟಿಸದೆ ಚುಚ್ಚಿಸಿಕೊಳ್ಳಲು ಒಪ್ಪಬೇಡಿ. ನನ್ನ ತುಟಿ ಹೆಚ್ಚು ಇಳಿದದ್ದು ಅದರಿಂದಲೇ. ಪ್ರೆಡ್ನಿಸೊಲೋನ್ ಮಾತ್ರೆ ದೀರ್ಘಕಾಲ ನುಂಗಿದಾಗ ಮುಖ ದುಂಡಗಾಗುತ್ತದೆ, ಮುಖದ ಊತಕ್ಕೆ ಕೊಟ್ಟ ಔಷಧಿಯೇ ಮುಖವನ್ನು ಊದಿಸುವ ಈ ವಿಪರ್ಯಾಸವನ್ನು ಯಾರ ಬಳಿ ಹೇಳಿಕೊಳ್ಳುವುದು! ಸಕ್ಕರೆ ಅಂಶವೂ ಏರುತ್ತದೆ, ಆದರೂ ಆ ಮಾತ್ರೆಯನ್ನು ನಾವಾಗಿ ಇದ್ದಕ್ಕಿದ್ದಂತೆ ನಿಲ್ಲಿಸಬಾರದು. ಕುಷ್ಠಕ್ಕೆ ಕೊಡುವ ಕ್ಲೋಫಾಜಿಮಿನ್, ಡ್ಯಾಪ್ಸೋನ್ ಗುಳಿಗೆಗಳನ್ನೂ ಇದರ ಉರಿಯೂತ ತಗ್ಗಿಸಲು ಕೆಲವು ವೈದ್ಯರು ಬರೆಯುತ್ತಾರೆ. ನನಗೆ ಕ್ಲೋಫಾಜಿಮಿನ್ ಬರೆದಾಗ ಔಷಧಿ ಅಂಗಡಿಯವನು ದನಿ ತಗ್ಗಿಸಿ ‘ಯಾರಿಗೆ ಮೇಡಂ?’ ಎಂದು ಕೇಳಿದ. ನನಗೇ ಎಂದೆ. ಆರು ತಿಂಗಳು ನುಂಗಿದ ಮೇಲೆ ಚರ್ಮ ತಾಮ್ರದ ಬಣ್ಣಕ್ಕೆ ತಿರುಗಿತು, ನಿಲ್ಲಿಸಿದ ಮೇಲೆ ನಿಧಾನವಾಗಿ ತಿಳಿಯಾಯಿತು. ಗಟ್ಟಿ ಕಾಯಿಲೆಗೆ ಮೆಥೊಟ್ರೆಕ್ಸೇಟ್, ಇನ್‌ಫ್ಲಿಕ್ಸಿಮ್ಯಾಬ್‌ನಂಥವೂ ಇವೆ, ನಾನು ಅಲ್ಲಿಯವರೆಗೆ ಹೋಗಲಿಲ್ಲ.

ನಂಜಿನ ಪಟ್ಟಿಯನ್ನು ಆಮೇಲೆ ಹರಿದುಹಾಕಿದೆ. ಆಹಾರದಲ್ಲಿ ವೈದ್ಯರು ಬಿಟ್ಟು ನೋಡಲು ಹೇಳಿದ್ದು ಎರಡನ್ನು: ಚಕ್ಕೆ ಮತ್ತು ಆಹಾರ ಕೆಡದಂತೆ ಬೆರೆಸುವ ಬೆಂಜೋಯೇಟ್. ಬಾಯಿ, ತುಟಿಗಳ ಇಂಥ ಉರಿಯೂತವಿದ್ದ ಕೆಲವರಿಗೆ ಇವೆರಡನ್ನು ಬಿಟ್ಟಾಗ ಊತ ತಗ್ಗಿದ್ದನ್ನು ಬ್ರಿಟನ್ನಿನ ವೈದ್ಯರು ದಾಖಲಿಸಿದ್ದಾರೆ. ಅಂಗಡಿಯ ಸಾಸ್, ಜಾಮ್, ಉಪ್ಪಿನಕಾಯಿ, ಬಾಟಲಿಯ ಪಾನೀಯಗಳ ಚೀಟಿಯಲ್ಲಿ 210, 211 ಎಂಬ ಸಂಖ್ಯೆ ಹುಡುಕಿದರೆ ಬೆಂಜೋಯೇಟ್ ಸಿಕ್ಕಿಬೀಳುತ್ತದೆ. ಚಕ್ಕೆ ಅಷ್ಟು ಸುಲಭವಾಗಿ ಸಿಕ್ಕುವುದಿಲ್ಲ: ಪಲಾವು, ಸಾಗು, ವಾಂಗಿಬಾತಿನ ಪುಡಿ, ಬಾಡೂಟದ ಮಸಾಲೆ, ಎಲ್ಲದರೊಳಗೂ ಪುಡಿಯಾಗಿ ಕುಳಿತಿರುತ್ತದೆ. ಮದುವೆಮನೆಗಳಲ್ಲಿ ಅನ್ನ, ತಿಳಿಸಾರು, ಮಜ್ಜಿಗೆಯಲ್ಲಿ ಊಟ ಮುಗಿಸುವುದು ನನಗೀಗ ರೂಢಿ. ಕ್ಯಾತ್ಸಂದ್ರದ ತಟ್ಟೆ ಇಡ್ಲಿಗೆ ಯಾವ ಅಡ್ಡಿಯೂ ಇಲ್ಲದಿರುವುದು ಸಮಾಧಾನ. ಚಕ್ಕೆ ಬಿದ್ದರೆ ಮಾರನೆಯ ದಿನ ನನ್ನ ತುಟಿ ಬಿಗಿಯುವುದು ಖಂಡಿತ. ಬೆಂಜೋಯೇಟ್ ಬಿಟ್ಟದ್ದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮೂರು ತಿಂಗಳು ಪ್ರಯತ್ನಿಸಿ, ಫಲವಿಲ್ಲದಿದ್ದರೆ ತಂಗಿಯನ್ನು ಉಪವಾಸ ಕೆಡವಬೇಡಿ.

ಮುಖ ಮೊದಲಿನಂತಾಗುತ್ತದೆಯೇ ಎಂದಿರಿ. ಮೊದಲ ವರ್ಷಗಳಲ್ಲೇ ಚಿಕಿತ್ಸೆ ಹಿಡಿದರೆ ಬಹಳ ಮಟ್ಟಿಗೆ ಆಗಬಹುದು. ನನ್ನಂತೆ ತಡವಾದರೆ ಒಂದಿಷ್ಟು ದಪ್ಪ ಉಳಿದೀತು. ನರ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ, ಆದರೆ ಮರುಕಳಿಸುವ ಸ್ವಭಾವ ಅದಕ್ಕಿದೆ: 2017ರಲ್ಲಿ ನನಗೆ ಎಡಗಡೆ ಸೋತು, ಇಂದಿಗೂ ನಕ್ಕಾಗ ಎಡಮೂಲೆ ಅರ್ಧ ಕ್ಷಣ ತಡವಾಗಿ ಏಳುತ್ತದೆ.

ಇನ್ನು ಹುಡುಗನ ಕಡೆಯವರ ಮಾತು. 2012ರಲ್ಲಿ ನನ್ನನ್ನು ನೋಡಲು ಬರುವ ದಿನವನ್ನು ಅಪ್ಪ ಊತ ಇಳಿದಿದ್ದ ವಾರದಲ್ಲಿ ಗೊತ್ತುಮಾಡಿದ್ದರು. ಫೋಟೊ ಕೂಡ ಎಡಪಕ್ಕದಿಂದ ತೆಗೆಸಿದ್ದು. ‘ಸ್ವಲ್ಪ ಅಲರ್ಜಿ ಇದೆ’ ಎಂದು ಒಂದು ಮಾತು ಹೇಳಿದ್ದೆವು, ನಮಗೂ ತಿಳಿದಿದ್ದದ್ದು ಅಷ್ಟೇ. ಎರಡು ವರ್ಷದ ಮೇಲೆ ಕಾಯಿಲೆಗೆ ಈ ಉದ್ದನೆಯ ಹೆಸರು ಬಂದಾಗ ಅತ್ತೆ ಜಗಳವಾಡಲಿಲ್ಲ, ‘ನೋಡಕ್ಕೆ ಬಂದಾಗ ಸರಿಯಾಗೇ ಇತ್ತಲ್ಲವ್ವ’ ಎಂದಷ್ಟೇ ಅಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ನಮಗೇ ತಿಳಿದಿರಲಿಲ್ಲ ಎಂಬ ನೆಪ ನಮಗಿತ್ತು. ವೈದ್ಯರ ಬಾಯಿಂದ ಹೆಸರು ಕೇಳಿರುವ ನಿಮಗೆ ಅದಿಲ್ಲ. ಹೇಳಿ. ಮುಟ್ಟಿದರೆ ಅಂಟುವುದಿಲ್ಲ, ಹೆಚ್ಚಿನವರಲ್ಲಿ ಮನೆತನದಿಂದ ಬಂದದ್ದಲ್ಲ, ಕೆಲವೇ ಕುಟುಂಬಗಳಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಕಂಡಿದೆ, ಪ್ರಾಣಕ್ಕೆ ಅಪಾಯವಿಲ್ಲವೆಂದು ವೈದ್ಯರು ಹೇಳಿದ್ದಾರೆ ಎಂದು ಹೇಳಿ. ಊದಿದ ದಿನದ ಫೋಟೊವನ್ನೇ ತೋರಿಸಿ. ಹೇಳುವ ಕೆಲಸವನ್ನು ಹಿರಿಯರ ಮೇಲೆ ಹಾಕದೆ, ಸಾಧ್ಯವಾದರೆ ತಂಗಿಯೇ ಹುಡುಗನಿಗೆ ನೇರವಾಗಿ ಹೇಳಲಿ. ದೊಡ್ಡವರ ಬಾಯಲ್ಲಿ ಅದು ಮತ್ತೆ ‘ಸ್ವಲ್ಪ ಅಲರ್ಜಿ’ ಆಗುತ್ತದೆ.

ಬಯಾಪ್ಸಿ ಎಲ್ಲೇ ಆಗಲಿ, ವರದಿಯ ಹಾಳೆಯೊಂದನ್ನೇ ತೆಗೆದುಕೊಂಡು ಬರಬೇಡಿ, ಸ್ಲೈಡನ್ನೂ ತೆಗೆದ ಚೂರನ್ನು ಹುದುಗಿಸಿಟ್ಟ ಮೇಣದ ಬ್ಲಾಕನ್ನೂ ಕೇಳಿ ಪಡೆಯಿರಿ. ನಾನು ಕೇಳಿರಲಿಲ್ಲ, ಬೆಂಗಳೂರಿನ ವೈದ್ಯರು ಮತ್ತೊಮ್ಮೆ ನೋಡಬೇಕೆಂದಾಗ ಆ ಪ್ರಯೋಗಾಲಯದಲ್ಲಿ ಅದು ಸಿಗದೆ, ಅದೇ ತುಟಿಯನ್ನು ಎರಡನೆಯ ಸಲ ಕೊಯ್ಯಿಸಿಕೊಳ್ಳಬೇಕಾಯಿತು.